ಹಾಜರಿ ಪುಸ್ತಕದ ವಿಜ್ಞಾನ

ಪ್ರಾರ್ಥನೆ ಮುಗಿದು ಮಕ್ಕಳು ತರಗತಿಗೆ ಬಂದು ಕುಳಿತೊಡನೆ ಉಪಾಧ್ಯಾಯರು ಮೊಟ್ಟಮೊದಲು ತೆರೆಯುವುದು ಪಾಠದ ಪುಸ್ತಕವನ್ನಲ್ಲ, ಹಾಜರಿ ಪುಸ್ತಕವನ್ನು. ಒಂದೊಂದೇ ಹೆಸರನ್ನು ಕೂಗುವುದು, ‘ಹಾಜರ್ ಸರ್’ ಎಂಬ ಉತ್ತರ ಬರುವುದು, ಹೆಸರಿನ ಮುಂದೆ ಒಂದು ಗುರುತು ಬೀಳುವುದು: ಇಷ್ಟಕ್ಕೆ ಐದು ನಿಮಿಷ ಸಾಕು. ಈ ಐದು ನಿಮಿಷಗಳಲ್ಲಿ ಒಂದು ವೈಜ್ಞಾನಿಕ ವೀಕ್ಷಣೆ ನಡೆದುಹೋಯಿತೆಂದು ಯಾರೂ ಭಾವಿಸುವುದಿಲ್ಲ. ಆದರೆ ವಿಚಾರ ಮಾಡಿ ನೋಡಿದರೆ, ರಾಜ್ಯದ ಮೂಲೆ ಮೂಲೆಯ ಶಾಲೆಗಳಲ್ಲಿ ಪ್ರತಿದಿನವೂ ಒಂದೇ ವೇಳೆಗೆ, ಒಂದೇ ಕ್ರಮದಲ್ಲಿ ನಡೆಯುವ ಇಂಥ ವೀಕ್ಷಣೆಯು ಹವಾಮಾನ ಶಾಸ್ತ್ರಜ್ಞರಿಗೂ ಅಸೂಯೆ ತರುವಂಥದು.

ಹಾಜರಿಯೊಂದೇ ಅಲ್ಲ. ಮಗುವಿನ ವಯಸ್ಸು, ಎತ್ತರ, ತೂಕ, ಪರೀಕ್ಷೆಯ ಅಂಕ, ಮಧ್ಯಾಹ್ನದ ಊಟ ಮಾಡಿದವರ ಸಂಖ್ಯೆ ಇವೆಲ್ಲವೂ ಶಾಲೆಯಲ್ಲಿ ಬರೆದಿಡಲ್ಪಡುತ್ತವೆ. ಈಗ ಕರ್ನಾಟಕದಲ್ಲಿ ‘ಸ್ಯಾಟ್ಸ್’ ಎಂಬ ಗಣಕ ವ್ಯವಸ್ಥೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ಸಂಖ್ಯೆಯುಂಟು; ಒಂದನೆಯ ತರಗತಿಗೆ ಸೇರಿದಂದಿನಿಂದ ಆ ಸಂಖ್ಯೆಯು ಮಗುವಿನ ಜೊತೆಗೇ ಸಾಗುತ್ತದೆ. ಹೀಗೆ ಶೇಖರವಾದ ಅಂಕಿ ಅಂಶಗಳಿಂದ ಶಾಲೆಗೆ ಏನು ಪ್ರಯೋಜನ? ಶಾಲೆಯಿರುವ ಊರಿಗೆ ಏನು ಪ್ರಯೋಜನ? ಇವೇ ನಮ್ಮ ಮುಂದಿರುವ ಪ್ರಶ್ನೆಗಳು.

ಕಲಬುರಗಿಯವರಾದ ನಮಗೆ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. 2025ನೆಯ ಇಸವಿಯ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ರಾಜ್ಯದ 35 ಶೈಕ್ಷಣಿಕ ಜಿಲ್ಲೆಗಳ ಪೈಕಿ ದಕ್ಷಿಣ ಕನ್ನಡವು ಶೇಕಡಾ 91.12ರೊಡನೆ ಮೊದಲನೆಯದಾಯಿತು, ಕಲಬುರಗಿಯು ಶೇಕಡಾ 42.43ರೊಡನೆ ಕಟ್ಟಕಡೆಯದಾಯಿತು. ಈ ಎರಡನೆಯ ಸಂಖ್ಯೆಯನ್ನು ಪತ್ರಿಕೆಗಳಲ್ಲಿ ಓದಿದ ಹುಡುಗನೊಬ್ಬನು ‘ನಮ್ಮ ಕಡೆಯವರಿಗೆ ತಲೆಯಿಲ್ಲ’ ಎಂದು ನಿಶ್ಚಯಿಸಿಬಿಟ್ಟರೆ, ಆ ಸಂಖ್ಯೆಯಿಂದ ಆದದ್ದು ಹಾನಿಯೇ ಹೊರತು ಉಪಕಾರವಲ್ಲ. ಆದುದರಿಂದ ಸಂಖ್ಯೆಯನ್ನು ಓದುವ ಕ್ರಮವನ್ನು ಮೊದಲು ಕಲಿಯೋಣ.

ಉಪಕರಣವನ್ನು ಪರೀಕ್ಷಿಸುವುದು

ಭೌತವಿಜ್ಞಾನದ ಪ್ರಯೋಗಶಾಲೆಗೆ ಹೊಸದಾಗಿ ಬಂದ ವಿದ್ಯಾರ್ಥಿಯ ಕೈಗೆ ಸ್ಕ್ರೂ ಗೇಜ್ ಕೊಟ್ಟು ತಂತಿಯ ದಪ್ಪವನ್ನು ಅಳೆಯಹೇಳಿದರೆ, ಅವನು ನೇರವಾಗಿ ತಂತಿಯನ್ನೇ ಸಿಕ್ಕಿಸಿಬಿಡುತ್ತಾನೆ. ‘ತಡೆ, ಮೊದಲು ಶೂನ್ಯ ದೋಷವನ್ನು ನೋಡು’ ಎಂದು ನಾವು ಹೇಳಬೇಕಾಗುತ್ತದೆ. ಏನನ್ನೂ ಇಡದೆ ಮುಚ್ಚಿದಾಗಲೂ ಉಪಕರಣವು ಸೊನ್ನೆಯನ್ನು ತೋರಿಸದಿದ್ದರೆ, ಅದರ ಮುಂದಿನ ಅಳತೆಗಳೆಲ್ಲವೂ ಅಷ್ಟರಮಟ್ಟಿಗೆ ತಪ್ಪಾಗುವುವು. ನಿನ್ನೆಯ ಅಳತೆಯನ್ನು ಒಂದು ಉಪಕರಣದಿಂದ, ಇಂದಿನದನ್ನು ಮತ್ತೊಂದರಿಂದ ಮಾಡಿ ‘ತಂತಿ ತೆಳ್ಳಗಾಯಿತು’ ಎನ್ನುವುದು ಇನ್ನೂ ದೊಡ್ಡ ತಪ್ಪು.

ಪರೀಕ್ಷೆಯೂ ಒಂದು ಉಪಕರಣವೇ. ರಾಜ್ಯದ ಎಸ್.ಎಸ್.ಎಲ್.ಸಿ. ಫಲಿತಾಂಶವು 2023ರಲ್ಲಿ ಶೇಕಡಾ 83.89 ಇದ್ದುದು 2024ರ ಮೊದಲ ಪರೀಕ್ಷೆಯಲ್ಲಿ 73.40ಕ್ಕೆ, 2025ರಲ್ಲಿ 62.34ಕ್ಕೆ ಇಳಿಯಿತು. ಎರಡೇ ವರ್ಷಗಳಲ್ಲಿ ನಾಡಿನ ಮಕ್ಕಳ ಬುದ್ಧಿ ಇಷ್ಟು ಮಂದವಾಯಿತೇ? ಖಂಡಿತವಾಗಿಯೂ ಇಲ್ಲ. ಬದಲಾದದ್ದು ಮುಖ್ಯವಾಗಿ ಉಪಕರಣ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆಲ್ಲ ಕ್ಯಾಮೆರಾಗಳ ಕಣ್ಗಾವಲು ಬಂದಿತು. ಅದೇ ವರ್ಷ ಕೃಪಾಂಕವನ್ನು ಹೆಚ್ಚಿಸಲಾಯಿತು. 2025ರಲ್ಲಿ ಆ ಹೆಚ್ಚಿನ ಕೃಪಾಂಕವನ್ನು ತೆಗೆದುಹಾಕಲಾಯಿತು. ಕಲಬುರಗಿಯ ಫಲಿತಾಂಶವು 2024ರ ಶೇಕಡಾ 53.04ರಿಂದ ಮರುವರ್ಷ 42.43ಕ್ಕೆ ಬಂದುದನ್ನು ಓದುವಾಗಲೂ ಈ ಬದಲಾವಣೆಯನ್ನು ಮರೆಯತಕ್ಕದ್ದಲ್ಲ. ಒಂದೇ ವರ್ಷದಲ್ಲಿ ಬೇರೆ ಬೇರೆ ಜಿಲ್ಲೆಗಳನ್ನು ಹೋಲಿಸುವುದಕ್ಕೆ ಅರ್ಥವುಂಟು; ಏಕೆಂದರೆ ಆಗ ಉಪಕರಣ ಒಂದೇ. ವರ್ಷದಿಂದ ವರ್ಷಕ್ಕೆ ಹೋಲಿಸುವಾಗ ಮಾತ್ರ ಎಚ್ಚರ ಬೇಕು.

ಇದೇ 2025ರ ಪರೀಕ್ಷೆಗೆ ಮತ್ತೊಂದು ಸಂಖ್ಯೆಯೂ ಪ್ರಕಟವಾಯಿತು: ಶೇಕಡಾ 66.14. ಇವೆರಡರಲ್ಲಿ ಯಾವುದು ಸರಿ? ಎರಡೂ ಸರಿ. ಪರೀಕ್ಷೆಗೆ ಕುಳಿತ 8,42,173 ಜನರನ್ನೂ ಎಣಿಸಿದರೆ 62.34, ಅವರಲ್ಲಿ ಶಾಲೆಯಿಂದ ಮೊದಲ ಸಲ ಬರೆದ 7,90,890 ಮಂದಿಯನ್ನು ಮಾತ್ರ ಎಣಿಸಿದರೆ 66.14. ಛೇದ ಬದಲಾದರೆ ಶೇಕಡಾವೂ ಬದಲಾಗುವುದು. ‘ಶೇಕಡಾ ಇಷ್ಟು’ ಎಂದು ಯಾರು ಹೇಳಿದರೂ ‘ಯಾರಲ್ಲಿ ಶೇಕಡಾ?’ ಎಂದು ಕೇಳುವ ಅಭ್ಯಾಸವನ್ನು ವಿದ್ಯಾರ್ಥಿಗಳು ಬೆಳೆಸಿಕೊಳ್ಳಬೇಕು.

ಸರಾಸರಿಯ ಪರದೆ

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಸಿಕ್ಕುತ್ತದೆ. ಇಂದು ಅದು ಒಂದು ತಾಲ್ಲೂಕಿನ ಕೇಂದ್ರ. ಕೆಲವು ವರ್ಷಗಳ ಹಿಂದಿನವರೆಗೆ ಕಲಬುರಗಿ ನಗರವೂ ಕಮಲಾಪುರದ ಸುತ್ತಣ ಹಳ್ಳಿಗಳೂ ಒಂದೇ ತಾಲ್ಲೂಕಿಗೆ ಸೇರಿದ್ದವು. ಆಗ ತಾಲ್ಲೂಕಿನ ಸರಾಸರಿ ಎಂದರೆ ಯಾವುದರ ಸರಾಸರಿ?

ಲೆಕ್ಕಕ್ಕಾಗಿ ಹೀಗೆ ಊಹಿಸೋಣ. ನಗರದಲ್ಲಿ 800 ವಿದ್ಯಾರ್ಥಿಗಳು ಪರೀಕ್ಷೆಗೆ ಕುಳಿತು 640 ಮಂದಿ ತೇರ್ಗಡೆಯಾದರು. ಹಳ್ಳಿಗಳಲ್ಲಿ 200 ಮಂದಿ ಕುಳಿತು 80 ಮಂದಿ ತೇರ್ಗಡೆಯಾದರು. ನಗರಕ್ಕೆ ಶೇಕಡಾ 80, ಹಳ್ಳಿಗಳಿಗೆ ಶೇಕಡಾ 40, ಒಟ್ಟಿನಲ್ಲಿ ಶೇಕಡಾ 72. ಈ 72 ಎಂಬುದು ನಗರದ ಸ್ಥಿತಿಯೂ ಅಲ್ಲ, ಹಳ್ಳಿಯ ಸ್ಥಿತಿಯೂ ಅಲ್ಲ. ದೊಡ್ಡ ಗುಂಪು ಚಿಕ್ಕ ಗುಂಪನ್ನು ತನ್ನ ನೆರಳಿನಲ್ಲಿ ಅಡಗಿಸಿಬಿಟ್ಟಿದೆ. ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಪ್ರಾದೇಶಿಕ ಅಸಮತೋಲನವನ್ನು ಕುರಿತ ವರದಿ ಕೊಟ್ಟಾಗ, ಜಿಲ್ಲೆಗಳಿಗೆ ಬದಲಾಗಿ ತಾಲ್ಲೂಕುಗಳನ್ನು ಅಳತೆಯ ಘಟಕವಾಗಿ ತೆಗೆದುಕೊಂಡಿತು. 35 ಸೂಚಕಗಳಿಂದ 175 ತಾಲ್ಲೂಕುಗಳನ್ನು ಅಳೆದು ಅವುಗಳಲ್ಲಿ 114 ಹಿಂದುಳಿದಿವೆಯೆಂದು ತೋರಿಸಿತು. ಜಿಲ್ಲೆಯ ಸರಾಸರಿಯಲ್ಲಿ ಮರೆಯಾಗುತ್ತಿದ್ದ ಎಷ್ಟೋ ಸಂಗತಿಗಳು ಹೀಗೆ ಕಣ್ಣಿಗೆ ಬಿದ್ದವು. ಆದರೆ ಆಗ ತಾಲ್ಲೂಕಿನೊಳಗಿನ ನಗರ ಮತ್ತು ಹಳ್ಳಿ ಇನ್ನೂ ಒಂದಾಗಿಯೇ ಉಳಿದವು. ಘಟಕವು ಚಿಕ್ಕದಾದಷ್ಟೂ ಕಾರಣವು ಹತ್ತಿರವಾಗುವುದು.

ಕಾಲದ ಸರಾಸರಿಯೂ ಹೀಗೆಯೇ ಮೋಸಮಾಡುವುದುಂಟು. ಎರಡು ಶಾಲೆಗಳಲ್ಲಿ ಜೂನ್‌ನಿಂದ ಮಾರ್ಚ್‌ವರೆಗಿನ ಹತ್ತು ತಿಂಗಳ ಸರಾಸರಿ ಹಾಜರಿ ಶೇಕಡಾ 80 ಎಂದಿಟ್ಟುಕೊಳ್ಳೋಣ. ಕಛೇರಿಯಲ್ಲಿ ಕುಳಿತವರಿಗೆ ಎರಡೂ ಒಂದೇ. ತಿಂಗಳು ತಿಂಗಳ ಲೆಕ್ಕವನ್ನು ಬಿಡಿಸಿ ನೋಡಿದಾಗ ಮೊದಲ ಶಾಲೆಯಲ್ಲಿ ಎಲ್ಲ ತಿಂಗಳೂ 80ರ ಆಸುಪಾಸು. ಎರಡನೆಯದರಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ 94, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ 59! ಮೊದಲನೆಯ ಶಾಲೆಯ ಪುಸ್ತಕವನ್ನು ವಾರದ ದಿನಗಳಾಗಿ ವಿಂಗಡಿಸಿದರೆ ಸಂತೆಯ ದಿನದ ಗೈರುಹಾಜರಿ ಹೊರಬೀಳಬಹುದು; ಊರುಗಳಾಗಿ ವಿಂಗಡಿಸಿದರೆ ಬಸ್ಸಿಲ್ಲದ ಒಂದು ತಾಂಡಾ ಹೊರಬೀಳಬಹುದು. ಎರಡನೆಯ ಶಾಲೆಯ ಕಥೆಯನ್ನು ನಮ್ಮ ಜಿಲ್ಲೆಯ ಯಾವ ರೈತನಾದರೂ ಹೇಳಬಲ್ಲನು. ತೊಗರಿಯ ರಾಶಿ ಮುಗಿಯುವ ಹೊತ್ತಿಗೆ ಕೂಲಿಯವರ ಮನೆಗಳಿಗೆ ಬೀಗ ಬೀಳುತ್ತದೆ. ತಂದೆ ತಾಯಿ ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ದುಡಿಯಲು ಹೋಗುತ್ತಾರೆ. ಮಕ್ಕಳು ಅವರ ಬೆನ್ನ ಹಿಂದೆ ಹೋಗುತ್ತಾರೆ.

ಸರಾಸರಿ ಒಂದೇ ಆದರೂ ರೋಗ ಬೇರೆ, ಔಷಧವೂ ಬೇರೆ. ಮೊದಲನೆಯದಕ್ಕೆ ಬೇಕಾದುದು ಬಸ್ಸು. ಎರಡನೆಯದಕ್ಕೆ ಬೇಕಾದುದು ವಲಸೆಯ ತಿಂಗಳುಗಳಲ್ಲಿ ಮಕ್ಕಳು ಊರಿನಲ್ಲಿಯೇ ಉಳಿದು ಕಲಿಯಲು ಹಂಗಾಮಿ ವಸತಿ ನಿಲಯ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಂಥ ನಿಲಯಗಳಿಗೆ ಅವಕಾಶವಿದೆ. ಆದರೆ ಅದನ್ನು ಯಾವ ಊರಿನಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಮಕ್ಕಳಿಗಾಗಿ ತೆರೆಯಬೇಕೆಂಬುದನ್ನು ಹೇಳಬಲ್ಲದ್ದು ಹಿಂದಿನ ವರ್ಷದ ಹಾಜರಿ ಪುಸ್ತಕವೊಂದೇ. ಮಕ್ಕಳು ಹೊರಟುಹೋದ ಮೇಲೆ ಕಟ್ಟಿದ ನಿಲಯ, ನೆರೆ ಇಳಿದ ಮೇಲೆ ಬಂದ ದೋಣಿಯಂತೆ.

ಹೊತ್ತಿನ ಪ್ರಶ್ನೆಯು ಕಾನೂನಿನಲ್ಲಿಯೂ ಎದ್ದಿತು. ಮಗು ಎಷ್ಟು ದಿನ ಬಾರದಿದ್ದರೆ ‘ಶಾಲೆಯಿಂದ ಹೊರಗುಳಿದ ಮಗು’ ಎಂದು ಎಣಿಸಬೇಕು? ಕರ್ನಾಟಕದಲ್ಲಿ ಹಿಂದೆ ಈ ಮಿತಿ 60 ದಿನಗಳಾಗಿತ್ತು. 2013ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಈ ವಿಷಯವನ್ನು ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡ ಬಳಿಕ ಅದು 7 ದಿನಗಳಿಗೆ ಇಳಿಯಿತು. ಎರಡು ತಿಂಗಳ ನಂತರ ಬಾರಿಸುವ ಗಂಟೆಗೂ ಒಂದು ವಾರಕ್ಕೆ ಬಾರಿಸುವ ಗಂಟೆಗೂ ಇರುವ ಅಂತರವು ಒಂದು ಮಗುವಿನ ವಿದ್ಯೆಯೇ ಆಗಬಹುದು.

ಸಣ್ಣ ಶಾಲೆಯ ಏರಿಳಿತ

ಘಟಕವನ್ನು ಚಿಕ್ಕದು ಮಾಡುತ್ತ ಹೋದಂತೆ ಮತ್ತೊಂದು ತೊಡಕು ಎದುರಾಗುವುದು. 16 ನಾಣ್ಯಗಳನ್ನು ಒಮ್ಮೆಲೇ ಚಿಮ್ಮಿರಿ. ಎಂಟು ಸಲ ರಾಜಮುದ್ರೆ ಬರಬೇಕೆಂಬುದು ನಿರೀಕ್ಷೆ. ಆದರೆ ಮತ್ತೆ ಮತ್ತೆ ಚಿಮ್ಮಿ ನೋಡಿದರೆ 6 ಬರಬಹುದು, 10 ಬರಬಹುದು. ಐದು ಪ್ರಯತ್ನಗಳಲ್ಲಿ ಸುಮಾರು ನಾಲ್ಕು 6ರಿಂದ 10ರ ಒಳಗಿರುವುವು, ಉಳಿದದ್ದು ಇನ್ನೂ ಆಚೆಗೆ. ಹಳ್ಳಿಯ ಶಾಲೆಯಲ್ಲಿ 16 ಮಂದಿಯೇ ಪರೀಕ್ಷೆಗೆ ಕುಳಿತರೆ, ಬೋಧನೆ ಕಿಂಚಿತ್ತೂ ಬದಲಾಗದಿದ್ದರೂ ಫಲಿತಾಂಶವು ಒಂದು ವರ್ಷ ಶೇಕಡಾ 37.5, ಮರುವರ್ಷ 62.5 ಆಗುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಮೊದಲ ವರ್ಷ ಮುಖ್ಯೋಪಾಧ್ಯಾಯರಿಗೆ ಕಾರಣ ಕೇಳುವ ನೋಟೀಸು, ಎರಡನೆಯ ವರ್ಷ ಶಾಲು ಹಾರ! ಎರಡಕ್ಕೂ ಆಧಾರ ನಾಣ್ಯದ ಚಿಮ್ಮಾಟ.

ಎಣಿಕೆ ಹೆಚ್ಚಾದಂತೆ ಈ ಏರಿಳಿತವು ತಗ್ಗುವುದು. 1,600 ನಾಣ್ಯಗಳಾದರೆ 800ರ ಸುತ್ತ ಸಾಮಾನ್ಯವಾಗಿ ಕಾಣುವ ಏರಿಳಿತ ಸುಮಾರು 20, ಅಂದರೆ ಶೇಕಡಾ ಒಂದೂಕಾಲು ಮಾತ್ರ. ವಿಕಿರಣದ ಕಣಗಳನ್ನು ಎಣಿಸುವ ಭೌತವಿಜ್ಞಾನಿಗೆ ಈ ನಿಯಮವು ದಿನನಿತ್ಯದ ಸಂಗಾತಿ. ಆದಕಾರಣವೇ ಅವನು ಹೆಚ್ಚು ಹೊತ್ತು ಎಣಿಸುತ್ತಾನೆ. ಶಾಲೆಗೂ ಇದೇ ಉಪಾಯ. ಸಣ್ಣ ಶಾಲೆಯನ್ನು ಒಂದು ವರ್ಷದ ಫಲಿತಾಂಶದಿಂದ ಅಳೆಯಬಾರದು. ನಾಲ್ಕೈದು ವರ್ಷಗಳದನ್ನು ಕೂಡಿಸಿ ನೋಡಬೇಕು.

ಮೊಟ್ಟೆಯ ಪ್ರಯೋಗ

ಸಂಖ್ಯೆಗಳನ್ನು ಜಾಗರೂಕತೆಯಿಂದ ಓದಿದರೆ ಏನಾಗಬಹುದೆಂಬುದಕ್ಕೆ ನಮ್ಮ ನೆರೆಯಲ್ಲಿಯೇ ಒಂದು ಉದಾಹರಣೆಯಿದೆ. ಶರಣಬಸವೇಶ್ವರರ ದಾಸೋಹಕ್ಕೆ ಹೆಸರಾದ ಈ ನಾಡಿನಲ್ಲಿ ಶಾಲೆಯ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ ಎಂಬ ಹೆಸರು ಒಪ್ಪುವುದು. 2002ರಲ್ಲಿ ಅದು ಮೊದಲು ಆರಂಭವಾದುದು ಕಲಬುರಗಿಯೂ ಸೇರಿದಂತೆ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ. ಆ ಮೇಲೆ 2021ರ ಡಿಸೆಂಬರಿನಲ್ಲಿ, ಅಪೌಷ್ಟಿಕತೆ ಹೆಚ್ಚಾಗಿದ್ದ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮಕ್ಕಳಿಗೆ ಬೇಯಿಸಿದ ಮೊಟ್ಟೆಯನ್ನೂ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣನ್ನೂ ಕೊಡಲಾರಂಭಿಸಿದರು. ಕೊಡಬೇಕೇ ಬೇಡವೇ ಎಂದು ನಾಡಿನಲ್ಲಿ ದೊಡ್ಡ ವಾದವೇ ನಡೆಯಿತು.

ವಾದವನ್ನು ಅಳತೆಯ ಕಡೆಗೆ ತಂದುದು ಗದಗಿನಲ್ಲಿರುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ. ಹಿಂದೆ ಕಲಬುರಗಿ ಜಿಲ್ಲೆಯ ಭಾಗವೇ ಆಗಿದ್ದ ಯಾದಗಿರಿಯಲ್ಲಿ ಮಕ್ಕಳಿಗೆ ಮೊಟ್ಟೆ ದೊರೆಯುತ್ತಿತ್ತು, ಗದಗಿನಲ್ಲಿ ದೊರೆಯುತ್ತಿರಲಿಲ್ಲ. ಎರಡು ಕಡೆಗಳಲ್ಲಿಯೂ ಮಕ್ಕಳ ಎತ್ತರ ಮತ್ತು ತೂಕಗಳನ್ನು ಅಳೆದು, ಕೆಲವು ತಿಂಗಳ ತರುವಾಯ ಮತ್ತೆ ಅಳೆದರು. ಯಾದಗಿರಿಯಲ್ಲಿ ಮಾತ್ರ ಅಳೆದಿದ್ದರೆ ಸಾಲದಿತ್ತೇ? ಸಾಲದು. ಬೆಳೆಯುವ ಮಗು ಮೊಟ್ಟೆ ತಿನ್ನದಿದ್ದರೂ ತೂಗುತ್ತದೆ. ಒಟ್ಟು ಏರಿಕೆಯಿಂದ ಸ್ವಾಭಾವಿಕ ಬೆಳವಣಿಗೆಯನ್ನು ಕಳೆಯಬೇಕು. ಕಳೆಯಲು ಅದೆಷ್ಟೆಂದು ತಿಳಿದಿರಬೇಕು. ಆ ತಿಳಿವಳಿಕೆಯನ್ನು ಕೊಟ್ಟವರು ಗದಗಿನ ಮಕ್ಕಳು. ಇಂಥ ಗುಂಪಿಗೆ ನಿಯಂತ್ರಣ ಗುಂಪು ಎಂದು ಹೆಸರು. ಎರಡು ಜಿಲ್ಲೆಗಳು ಎಲ್ಲ ವಿಷಯಗಳಲ್ಲಿಯೂ ಸಮಾನವೆಂದು ಯಾರೂ ಹೇಳರು. ಆದುದರಿಂದ ಈ ಹೋಲಿಕೆ ಪ್ರಯೋಗಶಾಲೆಯ ಹೋಲಿಕೆಯಷ್ಟು ಶುದ್ಧವಲ್ಲ. ಆದರೂ ಯಾದಗಿರಿಯ ಮಕ್ಕಳ ತೂಕದ ಏರಿಕೆ ಎದ್ದು ಕಾಣುವಷ್ಟು ಹೆಚ್ಚಾಗಿದ್ದಿತು. ಹೆಣ್ಣುಮಕ್ಕಳಲ್ಲಿ ಅದು ಇನ್ನೂ ಸ್ಪಷ್ಟವಾಗಿದ್ದಿತು. 2022ರಲ್ಲಿ ಸರ್ಕಾರವು ಈ ಪೌಷ್ಟಿಕ ಆಹಾರವನ್ನು ರಾಜ್ಯದ ಎಲ್ಲ ಜಿಲ್ಲೆಗಳಿಗೂ ವಿಸ್ತರಿಸಿತು. ನಮ್ಮ ಕಡೆಯ ಬಡ ಮಕ್ಕಳು ತಕ್ಕಡಿಯ ಮೇಲೆ ನಿಂತು ಕೊಟ್ಟ ಸಾಕ್ಷ್ಯವು ಮೈಸೂರು, ಮಂಗಳೂರುಗಳ ಮಕ್ಕಳ ತಟ್ಟೆಗೂ ಮೊಟ್ಟೆಯನ್ನು ತಂದಿತು. ಹಿಂದುಳಿದವರೆಂದು ಕರೆಯಿಸಿಕೊಂಡವರು ನಾಡಿಗೆ ಕೊಟ್ಟ ಕಾಣಿಕೆ ಇದು.

ಅಂಕಿ ಊರಿಗೆ ಮರಳಬೇಕು

ಈ ಪ್ರಯೋಗದಲ್ಲಿ ಸಂಖ್ಯೆಯು ಮೇಲಕ್ಕೆ ಹೋಗಿ ಸುಮ್ಮನೆ ಕೂರಲಿಲ್ಲ. ಊಟವಾಗಿ ಕೆಳಕ್ಕೆ ಬಂದಿತು. ಶಾಲೆಯ ಬಹುಪಾಲು ಸಂಖ್ಯೆಗಳ ಪಾಡು ಹೀಗಲ್ಲ. ಅವು ಶಾಲೆಯಿಂದ ಸಮೂಹ ಕೇಂದ್ರಕ್ಕೆ, ಅಲ್ಲಿಂದ ಕ್ಷೇತ್ರ ಶಿಕ್ಷಣಾಧಿಕಾರಿಯ ಕಛೇರಿಗೆ, ಅಲ್ಲಿಂದ ಜಿಲ್ಲೆಗೆ, ರಾಜಧಾನಿಗೆ ಏರುತ್ತ ಹೋಗುತ್ತವೆ. ಏರಿದ ನೀರು ಮಳೆಯಾಗಿ ಇಳಿಯಬೇಕಷ್ಟೆ? ಹಾಗೆ ಇಳಿಯದಿದ್ದರೆ ಕೆರೆ ಬತ್ತುವುದು.

ಇಳಿಸಲು ಏರ್ಪಾಡು ಇಲ್ಲವೆಂದಲ್ಲ. ಪ್ರಖ್ಯಾತ ಭೌತವಿಜ್ಞಾನಿಗಳಾದ ಡಾ. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ರಚಿತವಾದವು. ತಂದೆ ತಾಯಿಗಳೇ ಅವುಗಳ ಮುಖ್ಯ ಸದಸ್ಯರು. 2002ರಲ್ಲಿ ಸರ್ಕಾರವೂ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವೂ ಸೇರಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಕಲಿಕೆಯ ಖಾತರಿಯ ಕಾರ್ಯಕ್ರಮವೊಂದನ್ನು ಆರಂಭಿಸಿದವು. ಊರಿನ ಮಕ್ಕಳೆಲ್ಲರೂ ದಾಖಲಾಗಿರುವರೇ, ದಿನವೂ ಬರುವರೇ, ಕಲಿಯಬೇಕಾದುದನ್ನು ಕಲಿತಿರುವರೇ ಎಂಬ ಮೂರು ಪ್ರಶ್ನೆಗಳಿಗೆ ಶಾಲೆಗಳು ತಾವಾಗಿಯೇ ಮುಂದೆ ಬಂದು ಹೊರಗಿನವರಿಂದ ಅಳೆಯಿಸಿಕೊಂಡವು. ನೂರಾರು ಶಾಲೆಗಳು ಮುಂದೆ ಬಂದವು. ಗುರಿ ಮುಟ್ಟಿದವು ಕೆಲವೇ. ಆದರೆ ‘ದಾಖಲಾತಿ ಬೇರೆ, ಕಲಿಕೆ ಬೇರೆ’ ಎಂಬ ಕಹಿ ಸತ್ಯವು ಅದರಿಂದ ಎಲ್ಲರಿಗೂ ತಿಳಿಯಿತು. ಶಾಲೆಗಳ ಗುಣಮಟ್ಟವನ್ನು ಅಳೆಯಲು ರಾಜ್ಯವು ಅನಂತರ ಪ್ರತ್ಯೇಕ ಸಂಸ್ಥೆಯನ್ನೇ ಕಟ್ಟಿತು.

ಯಾವ ಸಂಖ್ಯೆಯನ್ನು ಮೊದಲು ಊರಿಗೆ ತರಬೇಕು? ಅಮೆರಿಕದ ಷಿಕಾಗೋ ನಗರದ ಅನುಭವವು ಇಲ್ಲಿ ದಾರಿ ತೋರಿಸುವುದು. ಅಲ್ಲಿಯ ಸಾರ್ವಜನಿಕ ಶಾಲೆಗಳ ದಾಖಲೆಗಳನ್ನು ಅಭ್ಯಸಿಸಿದ ಸಂಶೋಧಕರು 2005ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. ಒಂಬತ್ತನೆಯ ತರಗತಿಯಲ್ಲಿ ಬಹುತೇಕ ವಿಷಯಗಳನ್ನು ಪೂರೈಸಿ ಹಳಿಯ ಮೇಲಿರುವ ವಿದ್ಯಾರ್ಥಿಯು, ಹಳಿ ತಪ್ಪಿದವನಿಗಿಂತ ಮೂರೂವರೆ ಪಟ್ಟು ಹೆಚ್ಚಾಗಿ ನಾಲ್ಕು ವರ್ಷಗಳಲ್ಲಿ ಪ್ರೌಢಶಾಲೆಯನ್ನು ಮುಗಿಸುವನು. ಅಂದರೆ ಕೊನೆಯ ಪರೀಕ್ಷೆಯ ಸುದ್ದಿಯನ್ನು ಮೂರು ವರ್ಷ ಮೊದಲೇ ಓದಬಹುದು. ಎಸ್.ಎಸ್.ಎಲ್.ಸಿ. ಫಲಿತಾಂಶವು ಮರಣಪತ್ರಿಕೆಯಂತೆ ಎಲ್ಲ ಮುಗಿದ ಮೇಲೆ ಬರುವುದು. ಹಾಜರಿ ಪುಸ್ತಕವಾದರೋ ನಾಡಿಯಂತೆ ದಿನವೂ ಮಿಡಿಯುವುದು. ವೈದ್ಯನಿಗೆ ಬೇಕಾದುದು ನಾಡಿ.

ಎರಡು ಎಚ್ಚರಿಕೆಗಳು

ಒಂದು: ಅಳತೆಯು ಬಹುಮಾನಕ್ಕೂ ದಂಡನೆಗೂ ಗುರಿಯಾದ ಕೂಡಲೇ ಕೆಡಲು ಆರಂಭಿಸುವುದು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಇದನ್ನು 1975ರಲ್ಲಿ ಹಣಕಾಸಿನ ವಿಷಯವಾಗಿ ಹೇಳಿದನು. ಶಾಲೆಗೂ ಅದು ಅಷ್ಟೇ ಸಲ್ಲುವುದು. ಶೇಕಡಾವಾರು ಮಾತ್ರವೇ ಮುಖ್ಯವಾದರೆ, ದಡ್ಡನೆನಿಸಿಕೊಂಡ ಹುಡುಗನನ್ನು ಪರೀಕ್ಷೆಗೆ ಕೂರಿಸದಿರುವುದೇ ಸುಲಭದ ಮಾರ್ಗವಾಗಿ ತೋರುವುದು. ಆಗ ಸಂಖ್ಯೆ ಏರುವುದು, ಶಾಲೆ ಇಳಿಯುವುದು. ಉಷ್ಣಮಾಪಕವನ್ನು ತಣ್ಣೀರಿನಲ್ಲಿ ಅದ್ದಿದರೆ ಜ್ವರ ಬಿಡುವುದೇ?

ಎರಡು: ಸಂಖ್ಯೆಯ ಹಿಂದೆ ಒಂದು ಮಗುವಿದೆ. ಊರಿನ ಮುಂದೆ ಇಡತಕ್ಕದ್ದು ಎಣಿಕೆಯನ್ನೇ ಹೊರತು ಹೆಸರನ್ನಲ್ಲ. ಹೆಸರು ಅಳಿಸಿದರೂ ಸಾಲದು. ಹತ್ತು ಮಕ್ಕಳ ತರಗತಿಯಲ್ಲಿ ‘ವಲಸೆ ಹೋದ ಮನೆಯ ಒಬ್ಬ ಹುಡುಗಿ’ ಎಂದರೆ ಊರಿಗೆಲ್ಲ ಗುರುತು ಹತ್ತುವುದು. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯು 18 ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದು ಎಣಿಸಿ ಅವರ ವಿವರಗಳಿಗೆ ವಿಶೇಷ ರಕ್ಷಣೆಯನ್ನು ಕೊಟ್ಟಿದೆ. ಒಂದು ಮಗುವಿನ ವಿಷಯವನ್ನು ಅದರ ತಂದೆ ತಾಯಿಗಳೊಡನೆ ಮಾತ್ರ, ಅವರ ಮನೆಯಂಗಳದಲ್ಲಿ ಮಾತನಾಡುವುದೇ ಉಚಿತ.

ವಿದ್ಯಾರ್ಥಿಗಳು ಮಾಡಬಹುದಾದ ಪ್ರಯೋಗ

ಈ ವಿಜ್ಞಾನಕ್ಕೆ ಬೆಲೆಬಾಳುವ ಉಪಕರಣಗಳು ಬೇಡ. ಒಂದು ಹಾಳೆ ನಕ್ಷಾಕಾಗದ, ಒಂದು ಸೀಸದ ಕಡ್ಡಿ, ಮುಖ್ಯೋಪಾಧ್ಯಾಯರ ಅನುಮತಿ ಇಷ್ಟಿದ್ದರೆ ಸಾಕು. ಹೆಸರುಗಳನ್ನು ನೀವು ನೋಡಬೇಕಾಗಿಲ್ಲ. ಪ್ರತಿ ತಿಂಗಳ ಒಟ್ಟು ಹಾಜರಿಯನ್ನು ಮಾತ್ರ ಉಪಾಧ್ಯಾಯರಿಂದ ಬರೆಯಿಸಿಕೊಳ್ಳಿ. ಅಡ್ಡ ರೇಖೆಯ ಮೇಲೆ ತಿಂಗಳುಗಳನ್ನೂ, ನೆಟ್ಟ ರೇಖೆಯ ಮೇಲೆ ಶೇಕಡಾ ಹಾಜರಿಯನ್ನೂ ಗುರುತಿಸಿ, ಮೂರು ವರ್ಷಗಳ ರೇಖೆಗಳನ್ನು ಒಂದೇ ಹಾಳೆಯಲ್ಲಿ ಎಳೆಯಿರಿ. ಮೂರು ರೇಖೆಗಳೂ ಒಂದೇ ತಿಂಗಳಲ್ಲಿ ಬಾಗಿದರೆ ಅದು ನಾಣ್ಯದ ಚಿಮ್ಮಾಟವಲ್ಲ. ಅಲ್ಲಿ ಒಂದು ಕಾರಣವಿದೆ. ಆ ಕಾರಣವನ್ನು ಊರಿನ ಹಿರಿಯರನ್ನು ಕೇಳಿ ತಿಳಿಯಿರಿ. ಬಳಿಕ ಆ ಹಾಳೆಯನ್ನು ಪಂಚಾಯತಿಯಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಗೆ ಕೊಂಡೊಯ್ಯಿರಿ. ‘ನಮಗೆ ತೊಂದರೆಯಾಗಿದೆ’ ಎನ್ನುವ ಬದಲು ‘ಡಿಸೆಂಬರಿನಲ್ಲಿ ನಮ್ಮ ಶಾಲೆಯಿಂದ ಇಷ್ಟು ಮಕ್ಕಳು ಕಾಣೆಯಾಗುತ್ತಾರೆ, ಮೂರು ವರ್ಷಗಳಿಂದಲೂ ಹೀಗೆಯೇ ಇದೆ’ ಎಂದು ತೋರಿಸಿದರೆ, ಕೇಳಿದವರಿಗೆ ಉತ್ತರ ಕೊಡದೆ ವಿಧಿಯಿಲ್ಲ.

ಕಲಬುರಗಿಯ 42.43 ಎಂಬ ಸಂಖ್ಯೆ ನಮ್ಮ ಮಕ್ಕಳ ಬುದ್ಧಿಯ ಅಳತೆಯಲ್ಲ. ಅದು ಕೆಲವು ಹಳ್ಳಿಗಳ ಬಸ್ಸಿನ, ಕೆಲವು ಮನೆಗಳ ಬೀಗದ, ಕೆಲವು ತಟ್ಟೆಗಳ ಊಟದ ಅಳತೆಯೂ ಹೌದು. ಎಲ್ಲಿ ಯಾವುದು ಎಷ್ಟು ಎಂಬುದನ್ನು ಬಿಡಿಸಿ ಹೇಳಬಲ್ಲ ಪುಸ್ತಕವು ಪ್ರತಿ ಶಾಲೆಯ ಮೇಜಿನ ಮೇಲೆ ಈಗಾಗಲೇ ಇದೆ. ನಾಳೆ ಬೆಳಗ್ಗೆ ಉಪಾಧ್ಯಾಯರು ಹೆಸರು ಕೂಗಿದಾಗ ಉತ್ತರ ಬಾರದ ಹೆಸರನ್ನು ಕಿವಿಗೊಟ್ಟು ಕೇಳೋಣ. ನಮ್ಮ ಅಧ್ಯಯನವು ಆರಂಭವಾಗಬೇಕಾದುದು ಆ ಮೌನದಿಂದ.